ಹುಚ್ಚರ ಸಂತೆಯ ಯಜಮಾನ

ಸಂಪಾದಕರು ನಮ್ಮಿಂದ ಕೇಳಿದ್ದು ರಸಾಯನಶಾಸ್ತ್ರದ ಲೇಖನ. ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದಾಗಲೇ ಹಿಡಿದು, "ಪ್ಲಾಸ್ಟಿಕ್ಕಿನ ಬಗ್ಗೆಯೋ ಔಷಧಿಗಳ ಬಗ್ಗೆಯೋ, ಎಲ್ಲರಿಗೂ ಅರ್ಥವಾಗುವ ಹಾಗೆ ನಾಲ್ಕು ಪುಟ ಬರೆದುಕೊಡಿ ಸ್ವಾಮಿ" ಎಂದರು. ತಟ್ಟೆಯಲ್ಲಿ ಬಿಸಿ ಒಬ್ಬಟ್ಟು ಬಿದ್ದಿರುವಾಗ ಮನುಷ್ಯ ಯಾವುದಕ್ಕೂ ಇಲ್ಲವೆನ್ನಲಾರ. ಒಪ್ಪಿಕೊಂಡೆವು. ಆದರೆ ಬೆಳಗಿನಿಂದ ಸಂಜೆಯವರೆಗೆ ಫ್ಲಾಸ್ಕುಗಳ ಮುಂದೆ ಕುಳಿತು ಬಂದವರಿಗೆ ರಾತ್ರಿಯೂ ಅದೇ ವಾಸನೆ ಬೇಡವೆನಿಸಿತು. ಆದ್ದರಿಂದ ಸಂಪಾದಕರ ಕ್ಷಮೆ ಕೋರಿ, ನಮ್ಮ ಮನೆಯಲ್ಲಿ ಕೆಲವು ತಿಂಗಳಿಂದ ಚರ್ಚೆಗೆ, ಒಂದು ಸಣ್ಣ ಜಗಳಕ್ಕೂ ಕಾರಣನಾಗಿರುವ ಒಬ್ಬ ನಟ-ಲೇಖಕನ ಬಗ್ಗೆ ಬರೆಯುತ್ತಿದ್ದೇವೆ. ಆತನ ಹೆಸರು ಸ್ಪೈಕ್ ಮಿಲಿಗನ್.

ಮೊದಲು ಪರಿಚಯವಾದದ್ದು ಹೀಗೆ. ಡಾಕ್ಟರೇಟು ಮುಗಿಸಿ ಸಂಶೋಧನೆಗೆಂದು ಈ ದೇಶಕ್ಕೆ ಬಂದ ಮೊದಲ ವಾರ. ಪ್ರಯೋಗಾಲಯದಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯ ತಂತ್ರಜ್ಞರೊಬ್ಬರಿದ್ದರು. ಗಾಜನ್ನು ಕಾಯಿಸಿ ಊದಿ ಬೇಕಾದ ಆಕಾರಕ್ಕೆ ತರುವುದರಲ್ಲಿ ಎತ್ತಿದ ಕೈ. ಅವರನ್ನು ಗಂಟೆ ಎಷ್ಟೆಂದು ಕೇಳಿದೆವು. ಅವರು ಜೇಬಿನಿಂದ ಮಡಿಚಿದ ಕಾಗದದ ಚೂರೊಂದನ್ನು ತೆಗೆದು, ಬಿಡಿಸಿ ನೋಡಿ, ಬಹಳ ಗಂಭೀರವಾಗಿ "ಎಂಟು ಗಂಟೆ" ಎಂದರು. ಆಗ ಮಧ್ಯಾಹ್ನ ಎರಡೂವರೆ. ಸುತ್ತಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವೂ ನಕ್ಕೆವು, ಏಕೆಂದು ತಿಳಿಯದೆ. ಪರದೇಶಕ್ಕೆ ಬಂದ ಹೊಸಬರು ಮೊಟ್ಟಮೊದಲು ಕಲಿಯುವ ವಿದ್ಯೆಯೇ ಅದಲ್ಲವೆ, ಎಲ್ಲರೂ ನಕ್ಕ ಮೇಲೆ ಅರೆಕ್ಷಣ ತಡವಾಗಿ ನಗುವುದು!

ನಮ್ಮ ನಗೆ ಸುಳ್ಳೆಂದು ಆ ಹಿರಿಯರಿಗೆ ಗೊತ್ತಾಗಿರಬೇಕು. ಮರುದಿನ ಕೆಲವು ಹಳೆಯ ಕ್ಯಾಸೆಟ್ಟುಗಳನ್ನು ತಂದುಕೊಟ್ಟರು. ಅವು 'ದಿ ಗೂನ್ ಷೋ' ಎಂಬ ಬಿ.ಬಿ.ಸಿ. ರೇಡಿಯೋ ಹಾಸ್ಯದ ಧ್ವನಿಮುದ್ರಣಗಳು. 1957ರ ಒಂದು ಕಂತಿನಲ್ಲಿ ಎಕ್ಲ್ಸ್ ಎಂಬ ಮಹಾ ಪೆದ್ದ ಬರುತ್ತಾನೆ. ಯಾರೋ ಪುಣ್ಯಾತ್ಮರು ಅವನಿಗೆ ಗಂಟೆಯನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ: ಎಂಟು. ಕೇಳಿದವರಿಗೆಲ್ಲ ಅದನ್ನೇ ತೆಗೆದು ತೋರಿಸುತ್ತಾನೆ. ಎಂಟು ಗಂಟೆಯಾಗಿಲ್ಲದಾಗ ಯಾರಾದರೂ ಕೇಳಿದರೆ ಏನು ಮಾಡುತ್ತೀಯೆಂದರೆ, ಆಗ ಚೀಟಿ ತೋರಿಸುವುದಿಲ್ಲವಂತೆ. ಸರಿ, ಎಂಟು ಗಂಟೆಯಾಯಿತೆಂದು ತಿಳಿಯುವುದು ಹೇಗೆ? ಚೀಟಿಯಲ್ಲಿ ಬರೆದಿದೆಯಲ್ಲ! ನಾವು ಅಡಿಗೆಮನೆಯಲ್ಲಿ ಒಬ್ಬರೇ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು, ಈ ಸಲ ತಡವಾಗದೆ. ತನ್ನ ಅಳತೆಯಿಂದಲೇ ತನ್ನನ್ನು ಸರಿಯೆಂದು ಸಾಧಿಸಿಕೊಳ್ಳುವ ಉಪಕರಣಗಳನ್ನು ನಾವು ಪ್ರಯೋಗಾಲಯದಲ್ಲೂ ಕಂಡಿದ್ದೇವೆ, ಕೆಲವು ಸಂಶೋಧನಾ ಪ್ರಬಂಧಗಳಲ್ಲೂ ಕಂಡಿದ್ದೇವೆ.

ಕ್ಯಾಸೆಟ್ಟು ಹಿಂದಿರುಗಿಸಿದಾಗ ಆ ಹಿರಿಯರು ಹೇಳಿದ ಮಾತು ಇನ್ನೂ ಆಶ್ಚರ್ಯದ್ದು: "ಆತ ನಿಮ್ಮ ಕಡೆಯವನು, ಗೊತ್ತೆ?"

ಮಾತು ನಿಜ. ಟೆರೆನ್ಸ್ ಅಲನ್ ಮಿಲಿಗನ್ ಹುಟ್ಟಿದ್ದು 1918ರ ಏಪ್ರಿಲ್ 16ರಂದು, ಅಹಮದ್‌ನಗರದಲ್ಲಿ. ತಂದೆ ಐರ್ಲೆಂಡಿನವರು, ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಫಿರಂಗಿ ದಳದಲ್ಲಿ ಕೆಲಸ. ಸಿಪಾಯಿಗಳ ಮನರಂಜನೆಗೆ ಹಾಡಿ ಕುಣಿದು ನಾಟಕವಾಡುವ ಹುಚ್ಚು ಅವರಿಗೆ ಬಹಳ. ಬಾಲ್ಯವೆಲ್ಲ ಪೂನಾದ ದಂಡಿನಲ್ಲಿ, ಅನಂತರ ರಂಗೂನಿನಲ್ಲಿ. ಪೂನಾದ ಕಾನ್ವೆಂಟಿನ ಕ್ರಿಸ್‌ಮಸ್ ನಾಟಕವೊಂದರಲ್ಲಿ ಕೋಡಂಗಿಯ ವೇಷ ಹಾಕಿದ್ದೇ ತನ್ನ ಮೊದಲ ರಂಗಪ್ರವೇಶವೆಂದು ಆತನೇ ಹೇಳಿಕೊಂಡಿದ್ದಾನೆ. 1930ರ ದಶಕದ ಆದಿಯಲ್ಲಿ ಕುಟುಂಬ ಲಂಡನ್ನಿನ ಆಗ್ನೇಯ ಮೂಲೆಗೆ ಬಂದು ಸೇರಿತು. ಬಿಸಿಲು, ಬ್ಯಾಂಡು, ಆಳುಕಾಳುಗಳ ಲೋಕದಿಂದ ಮಂಜು ಮಳೆಗಳ ಒಂದು ಸಾಮಾನ್ಯ ಬೀದಿಗೆ. 'ಹೋಮ್' ಎಂದು ಎಲ್ಲರೂ ಕರೆಯುತ್ತಿದ್ದ ಆ ಊರನ್ನು ಹುಡುಗ ಅದುವರೆಗೆ ಕಂಡೇ ಇರಲಿಲ್ಲ. ಈ ಪರಿಸ್ಥಿತಿಯನ್ನು ನಮ್ಮ ಸದಸ್ಯ ಕುಟುಂಬಗಳಿಗೆ ವಿವರಿಸಿ ಹೇಳಬೇಕಿಲ್ಲ. ಬೇಸಿಗೆ ರಜೆಯಲ್ಲಿ ನಮ್ಮ ಮಕ್ಕಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದಾಗ ಅವರ ಮುಖ ನೋಡಿದರೆ ಸಾಕು.

ಮಹಾಯುದ್ಧದಲ್ಲಿ ಮಿಲಿಗನ್ ತಂದೆಯಂತೆ ಫಿರಂಗಿ ದಳಕ್ಕೇ ಸೇರಿದ. ಉತ್ತರ ಆಫ್ರಿಕಾದಲ್ಲಿ ದಿಬ್ಬದ ಮೇಲಿದ್ದ ಅವರ ದಳದ ಫಿರಂಗಿಯೊಂದು ಉರುಳಿ ಕೆಳಗೆ ಬಿತ್ತು. ಕೆಳಗೆ ಬೇರೊಂದು ದಳದವರ ಟ್ರಕ್ಕಿತ್ತು. ಸ್ವಲ್ಪ ಹೊತ್ತಿಗೆ ಮಿಲಿಗನ್ ಅಲ್ಲಿಗೆ ಬಂದು, ಕಳೆದುಹೋದ ಕೊಡೆಯನ್ನು ವಿಚಾರಿಸುವವನಂತೆ, ಒಂದು ಫಿರಂಗಿಯನ್ನೇನಾದರೂ ಕಂಡಿರಾ ಎಂದು ಕೇಳಿದನಂತೆ. ಆ ಟ್ರಕ್ಕಿನಲ್ಲಿದ್ದವನು ಮುಂದೆ ಜೀವನಪರ್ಯಂತ ಸ್ನೇಹಿತನಾದ ಹ್ಯಾರಿ ಸೀಕೂಮ್. ಆದರೆ ಯುದ್ಧವೆಲ್ಲ ಹೀಗೆ ನಗೆಯಲ್ಲಿ ಮುಗಿಯಲಿಲ್ಲ. 1944ರ ಜನವರಿಯಲ್ಲಿ ಇಟಲಿಯ ಮಾಂಟೆ ಕ್ಯಾಸಿನೊ ಕಾಳಗದ ವೇಳೆ ಮಾರ್ಟರ್ ಗುಂಡು ಹತ್ತಿರದಲ್ಲೇ ಸಿಡಿದು ಗಾಯವಾಯಿತು. ಕಾಲಿನ ಗಾಯ ಬೇಗ ಮಾಯಿತು, ಮನಸ್ಸಿನದು ಮಾಯಲಿಲ್ಲ. ಗುಂಡಿನ ಸದ್ದಿಗೆ ನಡುಗಿ ಅಳುವವನಾದ. ಅದಕ್ಕೆ ಸೈನ್ಯ ಕೊಟ್ಟ ಔಷಧಿಯೆಂದರೆ ತೋಳಿನ ಮೇಲಿದ್ದ ಪಟ್ಟಿಯನ್ನು ಕಿತ್ತು, ಪದವಿ ಇಳಿಸಿದ್ದು.

ಯುದ್ಧ ಮುಗಿದ ಮೇಲೆ ಇಟಲಿಯಲ್ಲೇ ಮೂವರ ವಾದ್ಯಗೋಷ್ಠಿಯೊಂದರಲ್ಲಿ ಗಿಟಾರ್ ಬಾರಿಸಿಕೊಂಡಿದ್ದು, ಬಳಿಕ ಲಂಡನ್ನಿಗೆ ಬಂದ. ವೆಸ್ಟ್‌ಮಿನ್‌ಸ್ಟರಿನಲ್ಲಿ ಜಿಮ್ಮಿ ಗ್ರಾಫ್ಟನ್ ಎಂಬಾತನ ಪಬ್ಬು ಇತ್ತು. ಜಿಮ್ಮಿ ಬಿಯರ್ ಮಾರುವುದರ ಜೊತೆಗೆ ರೇಡಿಯೋಗೆ ಹಾಸ್ಯವನ್ನೂ ಬರೆಯುತ್ತಿದ್ದ. ಮಿಲಿಗನ್ನನ ವಾಸ ಅದರ ಅಟ್ಟದ ಮೇಲೆ. ಅಲ್ಲಿ ಸೇರುತ್ತಿದ್ದವರು ಸೀಕೂಮ್, ಮೈಕೆಲ್ ಬೆಂಟೀನ್ ಮತ್ತು ಪೀಟರ್ ಸೆಲ್ಲರ್ಸ್. ಈ ಸೆಲ್ಲರ್ಸ್ 1948ರಲ್ಲಿ ಬಿ.ಬಿ.ಸಿ.ಯ ನಿರ್ಮಾಪಕರೊಬ್ಬರಿಗೆ ಫೋನು ಮಾಡಿ, ಆ ಕಾಲದ ಪ್ರಸಿದ್ಧ ರೇಡಿಯೋ ನಟ ಕೆನೆತ್ ಹಾರ್ನ್‌ನ ದನಿಯಲ್ಲಿ ತನ್ನನ್ನು ತಾನೇ ಶಿಫಾರಸು ಮಾಡಿಕೊಂಡು ಕೆಲಸ ಗಿಟ್ಟಿಸಿದ ಆಸಾಮಿ. ಶಿಫಾರಸಿನ ಕಲೆ ನಮ್ಮೂರಿನವರಿಗೆ ಮಾತ್ರ ಗೊತ್ತೆಂದು ನಾವು ತಿಳಿದಿದ್ದೆವು!

ಈ ನಾಲ್ವರ ಕಾರ್ಯಕ್ರಮ 1951ರ ಮೇ 28ರಂದು 'ಕ್ರೇಜಿ ಪೀಪಲ್' ಎಂಬ ಹೆಸರಿನಲ್ಲಿ ಪ್ರಸಾರವಾಯಿತು. ಮರುವರ್ಷ 'ಗೂನ್ ಷೋ' ಆಯಿತು. ಬೆಂಟೀನ್ ಬೇಗನೆ ಬಿಟ್ಟುಹೋಗಿ ಮೂವರು ಉಳಿದರು. 1960ರ ಜನವರಿ 28ರವರೆಗೆ ಹತ್ತು ಸರಣಿ ನಡೆಯಿತು. ಹೆಚ್ಚಿನ ಪಾಲು ಬರೆದವನು ಮಿಲಿಗನ್. ಲ್ಯಾರಿ ಸ್ಟೀಫನ್ಸ್, ಎರಿಕ್ ಸೈಕ್ಸ್ ಮುಂತಾದವರು ಆಗಾಗ ಕೈಜೋಡಿಸಿದರು. ಎಕ್ಲ್ಸ್, ಮುದುಕಿ ಮಿನ್ನಿ, ದಿವಾಳಿಯೆದ್ದ ಫ್ರೆಂಚ್ ಕೌಂಟ್ ಮೋರಿಯಾರ್ಟಿ, ಇವೆಲ್ಲ ಅವನದೇ ದನಿ.

ಇದರಲ್ಲಿ ಹೊಸದೇನಿತ್ತು ಎಂದು ಕೇಳಬಹುದು. ಅದಕ್ಕೆ ಮುಂಚೆಯೂ ರೇಡಿಯೋದಲ್ಲಿ ಹಾಸ್ಯವಿತ್ತು. ಆದರೆ ಅದು ಬಹುಮಟ್ಟಿಗೆ ವೇದಿಕೆಯ ಹಾಸ್ಯವನ್ನೇ ಮೈಕಿನ ಮುಂದೆ ತಂದು ನಿಲ್ಲಿಸಿದ್ದು. ಕಣ್ಣಿಗೆ ಕಾಣದಿರುವುದು ರೇಡಿಯೋದ ಕೊರತೆಯಲ್ಲ, ಅದೇ ಅದರ ಬಂಡವಾಳ ಎಂದು ಮಿಲಿಗನ್ ಕಂಡುಕೊಂಡ. 1955ರ ಕಂತೊಂದರಲ್ಲಿ ಐದು ಪೌಂಡಿನ ಆಸೆಗೆ ಪಿಯಾನೊ ಸಾಗಿಸಲು ರುಜು ಹಾಕಿಕೊಟ್ಟ ಬೆಪ್ಪನೊಬ್ಬ, ಅದು ಪ್ಯಾರಿಸಿನಲ್ಲಿರುವ ನೆಪೋಲಿಯನ್ನನ ಪಿಯಾನೊ ಎಂದು ತಿಳಿದ ಮೇಲೆ ಬೇರೆ ದಾರಿ ಕಾಣದೆ ಅದನ್ನೇ ದೋಣಿ ಮಾಡಿಕೊಂಡು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ತೇಲುತ್ತಾನೆ. ಇದನ್ನು ರಂಗದ ಮೇಲೆ ತೋರಿಸಲು ಎಷ್ಟು ದುಡ್ಡು ಬೇಕು, ಎಣಿಸಿ ನೋಡಿ. ರೇಡಿಯೋದಲ್ಲಿ ಬೇಕಾದದ್ದು ಅಲೆಯ ಸದ್ದು, ಪಿಯಾನೊ ಸದ್ದು ಮತ್ತು ಕೇಳುಗನ ತಲೆ. ಬ್ಲೂಬಾಟಲ್ ಎಂಬ ಪೋರನ ಪಾತ್ರವಂತೂ ತನ್ನ ಮಾತಿನೊಡನೆ ನಾಟಕದ ಕಂಸದೊಳಗಿನ ಸೂಚನೆಗಳನ್ನೂ ಗಟ್ಟಿಯಾಗಿ ಓದಿಬಿಡುತ್ತದೆ. ವೇಷವೂ ಪರದೆಯೂ ಇಲ್ಲದ ಕಡೆ ಬಾಯಲ್ಲಿ ಹೇಳಿದ್ದೇ ವೇಷ.

ಸದ್ದಿನ ವಿಷಯದಲ್ಲಿ ಆತ ನಮ್ಮ ಜಾತಿಯವನು, ಅಂದರೆ ಪ್ರಯೋಗ ಮಾಡಿ ನೋಡದೆ ಬಿಡುವವನಲ್ಲ. ಉತ್ತರ ಲಂಡನ್ನಿನ ಕ್ಯಾಮ್ಡನ್ ಥಿಯೇಟರಿನಲ್ಲಿ ಭಾನುವಾರಗಳಂದು ಪ್ರೇಕ್ಷಕರ ಮುಂದೆ ಮುದ್ರಣ ನಡೆಯುತ್ತಿತ್ತು. ಒಮ್ಮೆ ಪಚಕ್ಕೆಂಬ ಒಂದು ಸದ್ದು ಬೇಕಾಗಿ, ಕ್ಯಾಂಟೀನಿನಾಕೆಯಿಂದ ಕಸ್ಟರ್ಡ್ ಮಾಡಿಸಿ ತರಿಸಿದನಂತೆ. ಪಾಪ, ಹೊಟ್ಟೆ ಸರಿಯಿಲ್ಲದೆ ಕೇಳಿದನೆಂದು ಆಕೆ ಅಕ್ಕರೆಯಿಂದ ಮಾಡಿಕೊಟ್ಟಳಂತೆ. ಈತ ಕಾಲುಚೀಲ ಬಿಚ್ಚಿ, ಅದರೊಳಗೆ ಕಸ್ಟರ್ಡ್ ಸುರಿದು, ತಿರುಗಿಸಿ ಹಲಗೆಗೆ ಬಡಿದ. ಪ್ರಯೋಗ ವಿಫಲ, ಬೇಕಾದ ಸದ್ದು ಬರಲಿಲ್ಲ. 1958ರಲ್ಲಿ ಬಿ.ಬಿ.ಸಿ. ವಿದ್ಯುತ್ ಸದ್ದುಗಳಿಗೆಂದೇ ರೇಡಿಯೋಫೋನಿಕ್ ಕಾರ್ಯಾಗಾರವನ್ನು ತೆರೆದ ಮೇಲೆ, ಅಲ್ಲಿ ತಯಾರಾದ ಹೆಸರುವಾಸಿ ಸದ್ದುಗಳಲ್ಲಿ ಒಂದು, ಗೂನ್ ಷೋದ ಮೇಜರ್ ಬ್ಲಡ್‌ನಾಕನ ಹೊಟ್ಟೆಯ ಗುಡುಗು.

ಈ ಬ್ಲಡ್‌ನಾಕ್ ಯಾರೆಂದು ಹೇಳಲೇಬೇಕು. ಸೆಲ್ಲರ್ಸ್ ದನಿ ಕೊಟ್ಟ ಈ ಪಾತ್ರ ಭಾರತದ ವಾಯವ್ಯ ಗಡಿಯಲ್ಲಿ ಠಾಣೆ ಹೂಡಿದ ಬ್ರಿಟಿಷ್ ಸೇನಾಧಿಕಾರಿ. ಪುಕ್ಕಲ, ದುಡ್ಡಿನಾಸೆಯವ, ರೆಜಿಮೆಂಟಿನ ಹಣ ನುಂಗಿದವ, ಮಸಾಲೆ ಊಟದಿಂದ ಹೊಟ್ಟೆ ಕೆಟ್ಟವ. ಪೂನಾದ ದಂಡಿನಲ್ಲಿ ಬೆಳೆದ ಹುಡುಗ ಸಾಹೇಬರನ್ನು ಕೆಳಗಿನಿಂದ ನೋಡಿದ್ದ. ಸಾಮ್ರಾಜ್ಯ ಕಳೆದುಹೋಗುತ್ತಿದ್ದ ವರ್ಷಗಳಲ್ಲೇ ಆ ಸಾಮ್ರಾಜ್ಯದ ಮೀಸೆಯನ್ನು ಹಿಡಿದೆಳೆದು ಇಡೀ ಇಂಗ್ಲೆಂಡನ್ನು ನಗಿಸಿದ. ಬರಹದ ನಡುವೆ ದಂಡಿನ ಹಿಂದೂಸ್ತಾನಿ ಮಾತುಗಳು ಬೇರೆ. ಭೂಗರ್ಭಶಾಸ್ತ್ರ ಓದಲು ಲಂಡನ್ನಿಗೆ ಬಂದು, ಹಿಂತಿರುಗಿ ಹೋಗಿ ಇಂಗ್ಲಿಷ್ ಬೆರೆತ ಕನ್ನಡದಲ್ಲಿ ಬೆಂಗಳೂರನ್ನು ನಗಿಸಿದ ನಮ್ಮ ಕೈಲಾಸಂ ಇದನ್ನು ಕೇಳಿದ್ದರೆ ಏನನ್ನುತ್ತಿದ್ದರೋ! ಅವರು 1946ರಲ್ಲೇ ತೀರಿಕೊಂಡರು.

ಈಗ ಜಗಳದ ವಿಷಯಕ್ಕೆ ಬರೋಣ. ಗೂನ್ ಷೋದಲ್ಲಿ ಲಾಲ್‌ಕಾಕಾ ಮತ್ತು ಬ್ಯಾನರ್ಜಿ ಎಂಬ ಇಬ್ಬರು ಭಾರತೀಯರೂ ಬರುತ್ತಾರೆ. ನಮ್ಮವರ ಇಂಗ್ಲಿಷನ್ನು ಉತ್ಪ್ರೇಕ್ಷಿಸಿ ಮಾಡಿದ ಅನುಕರಣೆ. ಒಂದು ಸಂಜೆ ನಾವು ಇದನ್ನು ಹಾಕಿಕೊಂಡು ನಗುತ್ತಿದ್ದಾಗ ನಮ್ಮ ಒಂಬತ್ತು ವರ್ಷದ ಮಗ ಶಾಲೆಯಿಂದ ಬಂದ. ಸ್ವಲ್ಪ ಹೊತ್ತು ನಿಂತು ಕೇಳಿದ. ಆಮೇಲೆ, "ಅಪ್ಪಾ, ಕ್ಲಾಸಿನಲ್ಲಿ ಒಬ್ಬ ನನ್ನ ಹತ್ತಿರ ಹೀಗೇ ಮಾತಾಡ್ತಾನೆ, ತಲೆ ಅಲ್ಲಾಡಿಸಿಕೊಂಡು. ಆಗಲೂ ನಗಬೇಕಾ?" ಎಂದು ಕೇಳಿದ.

ನಾವು ಯಂತ್ರ ನಿಲ್ಲಿಸಿದೆವು. ಮನೆಯಾಕೆ ಅಡಿಗೆಮನೆಯಿಂದಲೇ, "ಅಲ್ಲಾರೀ, ಮಗುವಿಗೆ ಹೇಳಿ ಮತ್ತೆ ಉತ್ತರ! ಡಾಕ್ಟರೇಟ್ ಇದೆಯಲ್ಲ" ಎಂದರು. ಉತ್ತರ ಅಂದು ಹೊಳೆಯಲಿಲ್ಲ. ಆ ಹುಡುಗನ ವಿಷಯವಾಗಿ ಶಾಲೆಗೆ ಹೋಗಿ ಮಾತನಾಡಿ ಬಂದೆವು, ಅದು ಬೇರೆ. ಆದರೆ ಕೇಳಿದ ಪ್ರಶ್ನೆ ಮನೆಯಲ್ಲೇ ಉಳಿಯಿತು.

ಈ ಲೇಖನಕ್ಕಾಗಿ ಓದುತ್ತ ಹೋದಾಗ ವಿಷಯ ಇನ್ನೂ ತೊಡಕಾಯಿತು. 1969ರಲ್ಲಿ ಜಾನಿ ಸ್ಪೈಟ್ ಎಂಬಾತ ಬರೆದ 'ಕರಿ ಅಂಡ್ ಚಿಪ್ಸ್' ಎಂಬ ಟೆಲಿವಿಷನ್ ಹಾಸ್ಯದಲ್ಲಿ ಮಿಲಿಗನ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು, ಅರ್ಧ ಐರಿಷ್ ಅರ್ಧ ಪಾಕಿಸ್ತಾನಿ ಕಾರ್ಖಾನೆ ಕೆಲಸಗಾರನಾಗಿ ನಟಿಸಿದ. ದೂರುಗಳು ಬಂದು ಆರು ಕಂತಿಗೆ ಅದು ನಿಂತಿತು. 1975ರಲ್ಲಿ ತಾನೇ ಮತ್ತೊಬ್ಬರೊಡನೆ ಬರೆದು ಅಂಥದೇ ವೇಷ ಹಾಕಿದ 'ದಿ ಮೆಲ್ಟಿಂಗ್ ಪಾಟ್' ಒಂದೇ ಕಂತು ಪ್ರಸಾರವಾಗಿ, ಉಳಿದದ್ದನ್ನು ಬಿ.ಬಿ.ಸಿ. ಪೆಟ್ಟಿಗೆಯಲ್ಲಿಟ್ಟಿತು. ಜನಾಂಗದ್ವೇಷಿಗಳನ್ನು ಗೇಲಿ ಮಾಡುವುದೇ ಉದ್ದೇಶವೆಂದು ಅವರ ಸಮರ್ಥನೆ. ಇರಬಹುದು. ಆದರೆ ಅದೇ ಕಾಲದಲ್ಲಿ ಇಲ್ಲಿನ ಬಸ್ಸುಗಳಲ್ಲಿ, ಕಾರ್ಖಾನೆಗಳಲ್ಲಿ ನಮ್ಮ ಹಿರಿಯ ಸದಸ್ಯರು ಏನೇನು ಕೇಳಿಸಿಕೊಂಡರೆಂದು ಅವರನ್ನೇ ವಿಚಾರಿಸಿದರೆ, ಆ ಸಮರ್ಥನೆ ನಿಲ್ಲುವುದಿಲ್ಲ.

ನಮ್ಮ ಅಭಿಪ್ರಾಯ ಇಷ್ಟು. ರೇಡಿಯೋದಲ್ಲಿ ಎಲ್ಲರೂ ಬರಿಯ ದನಿಗಳು. ಆ ಹುಚ್ಚರ ಸಂತೆಯಲ್ಲಿ ಸಾಹೇಬನ ದನಿ ಎಲ್ಲರಿಗಿಂತ ಹೆಚ್ಚು ಹಾಸ್ಯಾಸ್ಪದ, ಬ್ಯಾನರ್ಜಿಯ ದನಿ ಹತ್ತರಲ್ಲಿ ಒಂದು. ಟೆಲಿವಿಷನ್ನಿನಲ್ಲಿ ಬಣ್ಣ ಬಳಿದ ಮುಖವೊಂದನ್ನು ಮುಂದೆ ನಿಲ್ಲಿಸಿ, ಸುತ್ತಲಿನ ಬಿಳಿಯರು ಅದಕ್ಕೆ ಹೆಸರಿಟ್ಟು ಕರೆದಾಗ, ಲೆಕ್ಕ ಬದಲಾಗುತ್ತದೆ. ಮೂಲವಸ್ತು ಒಂದೇ, ಪಾತ್ರೆ ಬೇರೆಯಾದರೆ ಕ್ರಿಯೆಯೇ ಬೇರೆ. ನಮ್ಮ ಕಸುಬಿನಲ್ಲಿ ಇದು ದಿನನಿತ್ಯದ ಅನುಭವ. ಮನೆಯಾಕೆ ಇದನ್ನು ಒಪ್ಪಿಲ್ಲ. "ದನಿಗೂ ಮೈಬಣ್ಣ ಇರತ್ತೆ, ನಿಮಗೆ ಕೇಳಿಸಲ್ಲ ಅಷ್ಟೆ" ಎನ್ನುತ್ತಾರೆ. ಅದನ್ನೂ ಇಲ್ಲಿ ದಾಖಲಿಸಿದ್ದೇವೆ.

ಇಷ್ಟು ನಗೆಯ ಬೆಲೆಯೇನೆಂಬುದನ್ನೂ ಹೇಳಬೇಕು. ನಡುವಣ ಸರಣಿಗಳಲ್ಲಿ 25ರಿಂದ 30 ಕಂತುಗಳು, ವಾರಕ್ಕೊಂದು ಅರ್ಧ ಗಂಟೆಯ ಹೊಸ ಬರಹ. ಯುದ್ಧದಲ್ಲಿ ಬಿರುಕು ಬಿಟ್ಟ ಮನಸ್ಸು 1952ರ ಡಿಸೆಂಬರಿನಲ್ಲಿ ಕುಸಿಯಿತು. ಸೆಲ್ಲರ್ಸನನ್ನೇ ಕೊಲ್ಲುತ್ತೇನೆಂದು ಚಾಕು ಹಿಡಿದು ಅವನ ಮನೆಗೆ ಹೊರಟನಂತೆ. ಆಸ್ಪತ್ರೆ ಸೇರಿದ, ಅವನಿಲ್ಲದೆ ಕಾರ್ಯಕ್ರಮ ನಡೆಯಿತು. ಮತ್ತೆ ಬಂದು ಬರೆದ. ಉನ್ಮಾದ ಮತ್ತು ಖಿನ್ನತೆ ಒಂದರ ಹಿಂದೊಂದು ಜೀವನವಿಡೀ ಕಾಡಿದವು. ಇದನ್ನು ಆತ ಮುಚ್ಚಿಡಲಿಲ್ಲ. 1993ರಲ್ಲಿ ಮನೋವೈದ್ಯ ಆಂಟನಿ ಕ್ಲೇರ್ ಜೊತೆ ಸೇರಿ ಖಿನ್ನತೆಯ ಬಗ್ಗೆಯೇ ಪುಸ್ತಕ ಬರೆದ. ನಮ್ಮವರಲ್ಲಿ ಮೊಣಕಾಲು ನೋವು, ಸಕ್ಕರೆ ಕಾಯಿಲೆಯನ್ನು ಪಂಕ್ತಿಯಲ್ಲೇ ಚರ್ಚಿಸುತ್ತೇವೆ. ಈ ಕಾಯಿಲೆಯನ್ನು ಮಾತ್ರ ಊರಿಗೆ ಫೋನು ಮಾಡಿದಾಗಲೂ ಹೇಳುವುದಿಲ್ಲ.

ರಂಗಭೂಮಿಯ ಕಥೆ ಚಿಕ್ಕದಾದರೂ ಸ್ವಾರಸ್ಯದ್ದು. 1961ರಲ್ಲಿ ಲಂಡನ್ನಿನ ಮರ್ಮೇಡ್ ಥಿಯೇಟರಿನಲ್ಲಿ 'ಟ್ರೆಷರ್ ಐಲೆಂಡ್' ನಾಟಕದ ಬೆನ್ ಗನ್ ಆದ, ದ್ವೀಪದಲ್ಲಿ ಒಂಟಿಯಾಗಿ ಉಳಿದು ತಲೆಕೆಟ್ಟ ನಾವಿಕ. ಜಾನ್ ಆಂಟ್ರೋಬಸ್ ಜೊತೆ ಬರೆದ 'ದಿ ಬೆಡ್ ಸಿಟಿಂಗ್ ರೂಮ್' 1962ರಲ್ಲಿ ಕ್ಯಾಂಟರ್‌ಬರಿಯಲ್ಲಿ, 1963ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನವಾಯಿತು. ಎರಡೇ ಎರಡು ನಿಮಿಷ ಚಿಲ್ಲರೆಯ ಅಣುಯುದ್ಧದ ಬಳಿಕ ವಿಕಿರಣದ ದೆಸೆಯಿಂದ ಪ್ರಭುವೊಬ್ಬ ಬಾಡಿಗೆ ಕೋಣೆಯಾಗಿ ಮಾರ್ಪಡುತ್ತಾನೆ! ಕ್ಯೂಬಾದ ಕ್ಷಿಪಣಿಗಳ ಗಂಡಾಂತರ ಇದೇ ಎರಡು ಪ್ರದರ್ಶನಗಳ ನಡುವೆ, 1962ರ ಅಕ್ಟೋಬರಿನಲ್ಲಿ ಬಂದು ಹೋಯಿತು ಎಂಬುದನ್ನು ನೆನೆದರೆ, ಆ ನಗೆಯಲ್ಲಿ ಎಷ್ಟು ನಡುಕವಿತ್ತೆಂದು ತಿಳಿಯುತ್ತದೆ.

1964ರಲ್ಲಿ ಲಿರಿಕ್ ಥಿಯೇಟರಿನಲ್ಲಿ 'ಒಬ್ಲೊಮೊವ್' ಎಂಬ ರಷ್ಯನ್ ಕಾದಂಬರಿಯ ನಾಟಕರೂಪ. ಹಾಸಿಗೆ ಬಿಟ್ಟೇಳದ ಸೋಮಾರಿ ಜಮೀನ್ದಾರನ ಗಂಭೀರ ಪಾತ್ರ. ಮೊದಲ ರಾತ್ರಿ ಮಾತುಗಳು ಕೈಕೊಟ್ಟವು, ನಾಟಕ ಬಿದ್ದುಹೋಯಿತು. ಮುಂದೆ ಮಿಲಿಗನ್ ಬರೆದ ಮಾತನ್ನು ಪಕ್ಕಕ್ಕಿಟ್ಟು, ಬಾಯಿಗೆ ಬಂದದ್ದನ್ನು ಸೇರಿಸಿ, ಪ್ರೇಕ್ಷಕರನ್ನೇ ಮಾತನಾಡಿಸಿ, ದಿನಕ್ಕೊಂದು ನಾಟಕವಾಡತೊಡಗಿದ. ಜನ ಮುಗಿಬಿದ್ದರು. 'ಸನ್ ಆಫ್ ಒಬ್ಲೊಮೊವ್' ಎಂದು ಹೆಸರು ಬದಲಾಗಿ ವೆಸ್ಟ್ ಎಂಡಿಗೆ ಹೋಯಿತು. 1965ರಲ್ಲಿ ರಾಣಿ ಎಲಿಜಬೆತ್ ಕೂಡ ಬಂದು ನೋಡಿದರು. ಕಂಪನಿ ನಾಟಕಗಳ ಹಾಸ್ಯನಟರು ಹೊತ್ತಿಗೆ ತಕ್ಕ ಹಾಗೆ ಮಾತು ಹೊಸೆಯುತ್ತಿದ್ದುದನ್ನು ಅಜ್ಜನ ಬಾಯಲ್ಲಿ ಕೇಳಿದ್ದ ನಮಗೆ ಇದು ಅಪರಿಚಿತವೆನಿಸಲಿಲ್ಲ. ಸಹನಟರ ಪಾಡು ಮಾತ್ರ ಯಾರಿಗೂ ಬೇಡ.

ಇನ್ನು ಮಕ್ಕಳ ಪದ್ಯಗಳು, 1963ರ 'ಪಕೂನ್' ಕಾದಂಬರಿ, ಯುದ್ಧದ ಅನುಭವಗಳನ್ನು ಕುರಿತು 1971ರಿಂದ ಮೊದಲಾಗಿ ಏಳು ಸಂಪುಟ, ಇವನ್ನೆಲ್ಲ ಇಲ್ಲಿ ಎಣಿಸಲು ಹೋಗುವುದಿಲ್ಲ. ಒಂದು ಸಂಗತಿಯನ್ನು ಮಾತ್ರ ಬಿಡಲಾರೆವು. ಬ್ರಿಟಿಷ್ ಸೈನ್ಯಕ್ಕಾಗಿ ಗಾಯಗೊಂಡ, ಇಡೀ ಬ್ರಿಟನ್ನನ್ನು ನಗಿಸಿದ ಈ ಮನುಷ್ಯನಿಗೆ ಬ್ರಿಟಿಷ್ ಪಾಸ್‌ಪೋರ್ಟು ಸಿಗಲಿಲ್ಲ. ಹುಟ್ಟಿದ್ದು ಭಾರತದಲ್ಲಿ, ತಂದೆ ಐರಿಷ್; ಹೊಸ ಕಾನೂನುಗಳ ಪ್ರಕಾರ ನಿಷ್ಠೆಯ ಪ್ರಮಾಣ ಮಾಡಬೇಕೆಂದರು. ಒಮ್ಮೆ ಯುದ್ಧದಲ್ಲಿ ಮಾಡಿದ್ದು ಸಾಕೆಂದು ಆತ ಒಪ್ಪಲಿಲ್ಲ. 1962ರಲ್ಲಿ ಐರಿಷ್ ಪ್ರಜೆಯಾದ. 2001ರಲ್ಲಿ ನೈಟ್ ಪದವಿ ಕೊಟ್ಟಾಗಲೂ ಪರದೇಶದ ಪ್ರಜೆಯೆಂದು ಗೌರವಾರ್ಥವಾಗಿಯೇ ಕೊಡಬೇಕಾಯಿತು. ವೀಸಾ ಕಚೇರಿಯ ಸಾಲಿನಲ್ಲಿ ಕಡತ ಹಿಡಿದು ನಿಂತ ನಮ್ಮಂಥವರು ಇದನ್ನು ಓದಿ ನಕ್ಕರೆ, ಆ ನಗೆ ತಡವಾಗಿ ಬಂದದ್ದಲ್ಲ.

ಆತ ತೀರಿಕೊಂಡದ್ದು 2002ರ ಫೆಬ್ರವರಿ 27ರಂದು, ಗೂನ್ ಬಳಗದಲ್ಲಿ ಕೊನೆಯವನಾಗಿ. ಕಳೆದ ಬೇಸಿಗೆಯಲ್ಲಿ ಸಸೆಕ್ಸ್ ಕಡೆಗೆ ಹೋದಾಗ ವಿಂಚೆಲ್‌ಸಿಯ ಚರ್ಚಿನ ಅಂಗಳದಲ್ಲಿರುವ ಸಮಾಧಿಯನ್ನು ನೋಡಿ ಬಂದೆವು. 'ನನಗೆ ಮೈಯಲ್ಲಿ ಸರಿಯಿಲ್ಲ ಅಂತ ಹೇಳಿರಲಿಲ್ಲವೆ' ಎಂದು ಕಲ್ಲಿನ ಮೇಲೆ ಬರೆಸಬೇಕೆಂಬುದು ಆತನ ಆಸೆ. ಚರ್ಚಿನ ಅಧಿಕಾರಿಗಳು ಇಂಗ್ಲಿಷಿನಲ್ಲಿ ಬೇಡವೆಂದು, ಕೊನೆಗೆ ಐರಿಷ್ ಭಾಷೆಯಲ್ಲಿ ಬರೆಸಲು ಒಪ್ಪಿದರು. ಮಗ ಆ ಅಕ್ಷರಗಳನ್ನು ಒಂದೊಂದಾಗಿ ಓದಲು ನೋಡಿ, ಬಾರದೆ, ಅರ್ಥ ಕೇಳಿದ. ಹೇಳಿದೆವು. ನಕ್ಕ. ಕಾರಿನಲ್ಲಿ ಹಿಂತಿರುಗುವಾಗ ತಾನಾಗಿಯೇ, ಆ ಎಂಟು ಗಂಟೆಯ ಚೀಟಿಯದನ್ನು ಹಾಕು ಎಂದ. ಮನೆಯಾಕೆ ಏನೂ ಹೇಳಲಿಲ್ಲ. ಕಿಟಕಿಯ ಕಡೆ ತಿರುಗಿದ್ದರಾದರೂ ಭುಜ ಅಲುಗುತ್ತಿದ್ದುದನ್ನು ಕಂಡೆವು.

ಕೇಳಬೇಕೆನ್ನುವ ಸದಸ್ಯರಿಗೆ ನಮ್ಮಲ್ಲಿರುವ ಸಿ.ಡಿ.ಗಳನ್ನು ಕೊಡಲು ಅಡ್ಡಿಯಿಲ್ಲ. ಆದರೆ ಹೋದ ದೀಪಾವಳಿಗೆ ನಮ್ಮ 'ಬಂಗಾರದ ಮನುಷ್ಯ' ತೆಗೆದುಕೊಂಡು ಹೋದವರು ಮೊದಲು ಅದನ್ನು ಹಿಂದಿರುಗಿಸಬೇಕೆಂದು ಪ್ರಾರ್ಥನೆ.